ಐದು ಹಿಡಿ ಅಕ್ಕಿ

ಕ್ಷಯಕ್ಕೆ ಮೊದಲ ಮದ್ದು ವಿಶ್ರಾಂತಿ ಎಂದು ಡಾಕ್ಟರು ಹೇಳಿದಾಗ ನನಗೆ ನಗು ಬಂತು. ನಾನು ಕೂತ ಕಡೆ ಕೂತವಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ನಮ್ಮವ್ವ ಬಯ್ಯುತ್ತಿದ್ದಳು. ಅಂಥವಳನ್ನು ಎರಡು ವರ್ಷ ಚಾಪೆಗೆ ಅಂಟಿಸಿದ ಕಾಯಿಲೆ ಇದು. ಈಗ ವಾಸಿಯಾಗಿದೆ. ಆದರೆ ಗುಂಡ್ಲುಪೇಟೆ ಆಸ್ಪತ್ರೆಯ ಜಗಲಿಯ ಮೇಲೆ ಈಗಲೂ ಯಾರಾದರೊಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬಿಟ್ಟುಬಂದ ಮಗುವನ್ನು ನೆನೆಯುತ್ತಾ ಕೂತಿರುತ್ತಾಳೆ. ಅವಳಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಅಕ್ಷರ ಬಾರದಿದ್ದರೆ ಪಕ್ಕದಲ್ಲಿ ಕೂತವರು ಓದಿ ಹೇಳಲಿ.

ನನ್ನನ್ನು ಉಡಿಗಾಲಕ್ಕೆ ಕೊಟ್ಟಿದ್ದರು. ಗಂಡನ ಮನೆಯಲ್ಲಿ ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಸಾಕಣೆ ಎಲ್ಲ ಇತ್ತು. ಗಂಡ ಕೆಮ್ಮಿ ಕೆಮ್ಮಿಯೇ ಹೋದರು. ಅದನ್ನು ಯಾರೂ ಕಾಯಿಲೆ ಎಂದು ಕರೆಯಲಿಲ್ಲ. ಮಂಜಿನ ಕೆಮ್ಮು ಎಂದರು, ಬೀಡಿ ಕೆಮ್ಮು ಎಂದರು. ವರ್ಷ ತುಂಬುವುದರೊಳಗೆ ನನಗೂ ಕೆಮ್ಮು ಹತ್ತಿತು. ಸಂಜೆಯಾದರೆ ಮೈ ಬೆಚ್ಚಗೆ, ಬೆಳಗಾದರೆ ಬೆವರು. ಒಂದು ದಿನ ಹುಳಕ್ಕೆ ಸೊಪ್ಪು ಹೆಚ್ಚುತ್ತಾ ಕೂತಿದ್ದಾಗ ಕೆಮ್ಮು ಒತ್ತರಿಸಿ ಬಂದು, ಹೆಚ್ಚಿದ ಸೊಪ್ಪಿನ ಮೇಲೆ ಕೆಂಪು ಬಿತ್ತು. ಕುಡುಗೋಲು ತಾಗಿತೆಂದು ನಾನು ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

"ಬೆರಳಲ್ಲ ಕಣೆ ಮಾದೇವಿ," ಎಂದಳು ಎದುರಿಗೆ ಕೂತಿದ್ದ ದುಂಡಮ್ಮಕ್ಕ. "ತುಟಿ ಒರಸ್ಕೊ."

ದುಂಡಮ್ಮಕ್ಕ ನನ್ನ ಓರಗಿತ್ತಿ. ಭಾವ ಗುರುಮಲ್ಲಪ್ಪನವರ ಹೆಂಡತಿ. ಅವರಿಗೆ ಮಕ್ಕಳಾಗಲಿಲ್ಲ. ಇಡೀ ಮನೆಗೆ ಇದ್ದದ್ದು ನನ್ನ ಮಗಳು ಗೌರಿ ಒಬ್ಬಳೇ. ಆಗ ಅವಳಿಗೆ ಮೂರು ತುಂಬಿತ್ತು.

ಭಾವ ಗಾಡಿ ಕಟ್ಟಿಸಿ ನನ್ನನ್ನು ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಕಫ ಉಗುಳಲು ಒಂದು ಸಣ್ಣ ಡಬ್ಬಿ ಕೊಟ್ಟು, ಮುಂದಿನ ವಾರ ಬನ್ನಿ ಎಂದರು. ಆ ಒಂದು ವಾರ ನಾನು ಮಾಡದ ಕೆಲಸವಿಲ್ಲ. ಒರಳು ತೊಳೆದೆ, ಗೋಡೆ ಸಾರಿಸಿದೆ, ಬಟ್ಟೆ ಒಗೆದೆ, ಒಗೆದದ್ದನ್ನೇ ಮತ್ತೆ ಒಗೆದೆ. ಸುಮ್ಮನೆ ಕೂತರೆ ಯೋಚನೆ ಬರುತ್ತದಲ್ಲ, ಅದಕ್ಕೆ. ಮುಂದಿನ ವಾರ ಡಾಕ್ಟರು ಚೀಟಿ ನೋಡಿ ಮೊದಲು ಕೇಳಿದ್ದು ನನ್ನ ಎದೆಯ ವಿಷಯವನ್ನಲ್ಲ.

"ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೇನಮ್ಮ?"

"ಒಂದು ಹೆಣ್ಣು ಅದೆ ಸ್ವಾಮಿ."

"ಹತ್ತಿರ ಮಲಗಿಸಿಕೊಳ್ಳಬೇಡಿ."

ಆಮೇಲೆ ಅವರು ಬಹಳ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಅದೊಂದೇ.

ಮನೆಗೆ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಗುಂಡ್ಲುಪೇಟೆಯಲ್ಲಿ ನನ್ನ ಅಣ್ಣ ಶಿವಣ್ಣ ಇದ್ದಾನೆ, ಅಲ್ಲಿಯ ಆಸ್ಪತ್ರೆಯಲ್ಲಿ ಹೊಸ ಇಂಜೆಕ್ಷನ್ ಕೊಡುತ್ತಾರೆ, ಅಲ್ಲಿಗೆ ಹೋಗುವುದು. ಮಗು ಇಲ್ಲೇ ಇರುವುದು. ಭಾವ ಇದನ್ನೆಲ್ಲ ಎತ್ತುಗಳಿಗೆ ಹೇಳುವ ಹಾಗೆ ಮುಂದಕ್ಕೆ ನೋಡಿಕೊಂಡೇ ಹೇಳಿದರು. ನನಗೆ ಕೋಪ ಬಂತು. ಈಗ ಯೋಚಿಸಿದರೆ, ತಮ್ಮನನ್ನು ಮಣ್ಣು ಮಾಡಿ ವರ್ಷವಾಗಿರದ ಮನುಷ್ಯ ನನ್ನ ಮುಖ ಹೇಗೆ ನೋಡಬೇಕಿತ್ತು?

ಇಲ್ಲಿ ನನ್ನ ತಪ್ಪು ಬರುತ್ತದೆ. ಅದನ್ನು ಯಾರ ತಲೆಗೂ ಕಟ್ಟಲಾರೆ.

ಅಪ್ಪನಿಲ್ಲದ ಮಗು, ಅವ್ವ ದೂರ. ಅಂಥ ಮಗು ದೊಡ್ಡಪ್ಪನ ಮನೆಯಲ್ಲಿ ಸಗಣಿ ಬಾಚುತ್ತಾ ಬೆಳೆಯುವುದನ್ನು ನಾನು ಊರಲ್ಲಿ ಕಂಡಿದ್ದೆ. ದುಂಡಮ್ಮಕ್ಕನ ಮೇಲೆ ನನಗೆ ನಂಬಿಕೆ ಇರಲಿಲ್ಲ ಎಂದಲ್ಲ. ಇತ್ತು. ಆದರೆ ನಂಬಿಕೆಗೆ ಒಂದು ಗಂಟು ಇರಲಿ ಅನ್ನಿಸಿತು. ನಮ್ಮ ಕುಲದಲ್ಲಿ ಒಂದು ಪದ್ಧತಿ ಇದೆ. ಮಗುವನ್ನು ಇನ್ನೊಬ್ಬಳಿಗೆ ಒಪ್ಪಿಸುವಾಗ ಅವಳನ್ನು ಮಣೆಯ ಮೇಲೆ ಕೂರಿಸಿ, ಮಡಿಲಿಗೆ ಐದು ಹಿಡಿ ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯ ಹಾಕಿ, ಅದರ ಮೇಲೆ ಮಗುವನ್ನು ಕೂರಿಸುವುದು. ಹಾಗೆ ಮಡಿಲಿಗೆ ಬಂದ ಮಗುವನ್ನು ಬೇರೆ ಎಂದು ಕಾಣುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ. ಆ ಅಕ್ಕಿಯನ್ನು ಐದು ದಿನದೊಳಗೆ ಬೇಯಿಸಿ ಐದು ಮನೆಯ ಯಜಮಾನರಿಗೆ ಉಣಿಸಿದರೆ ಕೊಟ್ಟದ್ದು ಗಟ್ಟಿಯಾಯಿತು. ಗಟ್ಟಿಯಾದರೆ ಏನಾಗುತ್ತದೆ ಎಂದು ನಾನು ಯೋಚಿಸಲೇ ಇಲ್ಲ. ಅವರನ್ನು ಕಟ್ಟಿಹಾಕುವ ಆತುರದಲ್ಲಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಅದು ನನ್ನಂಥವಳನ್ನು ನೋಡಿಯೇ ಹೇಳಿದ್ದು.

ಗಂಡನಿಲ್ಲದವಳ ಕೈಯಲ್ಲಿ ಮಡಿಲು ತುಂಬಿಸಬಹುದೇ ಎಂದು ಯಾರೋ ಮಾತು ತೆಗೆದರು. ನಮ್ಮ ಮಠದ ಅಯ್ಯನವರು, "ಎತ್ತವಳ ಕೈಗೆ ಯಾವ ಮೈಲಿಗೆ? ಆಕವ್ವ," ಎಂದರು. ಹಾಕಿದೆ. ಗೌರಿ ಅಕ್ಕಿಯ ಮೇಲೆ ಕೂತು ಕೊಬ್ಬರಿ ಕಚ್ಚುತ್ತಿದ್ದಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ದೂರ ನಿಂತೆ. ಮುತ್ತಿಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊರಟೆ.

ಅಣ್ಣನ ಮನೆಯ ಹಿತ್ತಿಲಿನಲ್ಲಿ ಸೌದೆ ಇಡುವ ಕೊಟ್ಟಿಗೆಯೊಂದಿತ್ತು. ಸೌದೆ ತೆಗೆಸಿ ನನಗೆ ಚಾಪೆ ಹಾಕಿಕೊಟ್ಟರು. ಒಂದು ಅಲ್ಯೂಮಿನಿಯಂ ತಟ್ಟೆ, ಒಂದು ಲೋಟ. ಗುರುತು ಸಿಗಲೆಂದು ಅತ್ತಿಗೆ ತಟ್ಟೆಯ ಅಂಚಿನಲ್ಲಿ ಮೊಳೆಯಿಂದ ಗೀರಿದಳು. ಅತ್ತಿಗೆ ಕೆಟ್ಟವಳಲ್ಲ. ಅವಳಿಗೂ ಮಕ್ಕಳಿದ್ದವು. ಆದರೆ ಊಟಕ್ಕೆ ಕೂತಾಗಲೆಲ್ಲ ಆ ಗೀರು ಹೆಬ್ಬೆರಳಿಗೆ ಸಿಗುತ್ತಿತ್ತು. ಎರಡು ವರ್ಷ ಆ ತಟ್ಟೆಯನ್ನು ನನ್ನ ಹೊರತು ಯಾರೂ ಮುಟ್ಟಲಿಲ್ಲ.

ದಿನಾ ಬೆಳಗ್ಗೆ ಆಸ್ಪತ್ರೆಯ ಜಗಲಿ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬಂದ ಮಂಜು ಊಟಿ ರಸ್ತೆಯ ಮೇಲೆ ಕೂತಿರುತ್ತಿತ್ತು. ಕಲ್ಲುಬೆಂಚು ತಣ್ಣಗೆ ಕೊರೆಯುತ್ತಿತ್ತು. ಕೆಮ್ಮುವವರೆಲ್ಲ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂರುತ್ತಿದ್ದೆವು. ನಾನು ಕೂರುತ್ತಿದ್ದೆ ಎನ್ನುವುದು ಸುಳ್ಳು. ಕಂಬದಿಂದ ಕಂಬಕ್ಕೆ ಓಡಾಡುತ್ತಿದ್ದೆ. ವಯನಾಡಿನ ಕಡೆಯ ನರ್ಸಮ್ಮ ಅನ್ನಮ್ಮ ಬಾಗಿಲಿಗೆ ಬಂದು, ಮಲೆಯಾಳ ಬೆರೆಸಿ, "ಎಂದಾ, ಏನಿದು ಮಾದೇವಿ, ನೆಲ ಸವೆಯುತ್ತೆ, ಇರಿ," ಎನ್ನುತ್ತಿದ್ದಳು. ಸೂಜಿ ಚುಚ್ಚುವ ಮೊದಲು ತನ್ನ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ನನ್ನ ಮೇಲೆ ಇಡುತ್ತಿದ್ದಳು. ಬೇರೆ ಯಾರೂ ಮುಟ್ಟದ ದಿನಗಳಲ್ಲಿ ಆ ಅಂಗೈ ನನಗೆ ಊಟಕ್ಕಿಂತ ಹೆಚ್ಚಾಗಿತ್ತು.

ಇಂಜೆಕ್ಷನ್ ತಿಂಗಳುಗಟ್ಟಲೆ ನಡೆಯಿತು. ಕಿವಿಯೊಳಗೆ ಜೀರುಂಡೆ ಕೂತು ಕೂಗುವುದಕ್ಕೆ ಶುರುವಾಯಿತು. ಎದ್ದು ನಿಂತರೆ ನೆಲ ವಾಲುತ್ತಿತ್ತು. ನಡೆಯುವುದೊಂದೇ ನನಗೆ ಗೊತ್ತಿದ್ದ ಸಮಾಧಾನ, ಅದನ್ನೂ ಮದ್ದು ಕಿತ್ತುಕೊಂಡಿತಲ್ಲ ಎಂದು ಅತ್ತೆ. ಚಾಪೆಯ ಮೇಲೆ ಮಲಗಿ ಗೌರಿ ಈಗ ಏನು ತಿನ್ನುತ್ತಿರಬಹುದು, ಯಾರ ಪಕ್ಕ ಮಲಗಿರಬಹುದು, ನನ್ನನ್ನು ಕೇಳುತ್ತಾಳೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೆ. ಕೇಳದಿದ್ದರೆ ಚೆನ್ನ, ಅಳುವುದಿಲ್ಲ ಎಂದುಕೊಳ್ಳುತ್ತಿದ್ದೆ. ಮರುಗಳಿಗೆಗೇ, ಹೇಗೆ ಕೇಳದೆ ಇರುತ್ತಾಳೆ ಎಂದು ಸಿಟ್ಟಾಗುತ್ತಿದ್ದೆ.

ಒಂದು ಸಲ ಸಂತೆಯ ದಿನ ದುಂಡಮ್ಮಕ್ಕ ಅವಳನ್ನು ಕರೆತಂದಳು. ಬೇಲಿಯಾಚೆ ಅವರು, ಈಚೆ ನಾನು. ಮಗು ಉದ್ದವಾಗಿತ್ತು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದರು.

"ದೊಡ್ಡವ್ವ, ಅದ್ಯಾರು?" ಎಂದಳು ದುಂಡಮ್ಮಕ್ಕನ ಸೀರೆ ಹಿಡಿದುಕೊಂಡು.

"ನಿಮ್ಮವ್ವ ಕಣಮ್ಮಿ. ವಾಸಿ ಮಾಡ್ಕೊಂಡು ಬತ್ತಳೆ." ಆಮೇಲೆ ನನ್ನ ಕಡೆ ತಿರುಗಿ, "ಓಡಾಡ್ತೀಯಂತೆ. ನಿಮ್ಮಣ್ಣ ಅಂದ್ರು. ಹುಳ ಜ್ವರಕ್ಕೆ ಕುಂತಾಗ ಅಲುಗಿಸ್ತೀವ? ಚರ್ಮ ಕಳಚೋಗಂಟ ಸುಮ್ಕಿರಬೇಕು. ನೀನೂ ಅಂಗೇ ಬಿದ್ಕೊ," ಎಂದಳು.

ಅದಾಗಿ ಎರಡು ತಿಂಗಳಿಗೆ ಕೋರ್ಟಿನ ಅಮೀನ ಬಂದ. ನನ್ನ ಕಾಯಿಲೆಯ ಸುದ್ದಿ ಅವನಿಗೆ ಯಾರೋ ಹೇಳಿರಬೇಕು. ಕೊಟ್ಟಿಗೆಯ ಹತ್ತಿರ ಬಾರದೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೋಟೀಸು ಇಟ್ಟು, ಮೇಲೊಂದು ಕಲ್ಲು ಹೇರಿ ಹೋದ. ಲೋವರ್ ಸೆಕೆಂಡರಿವರೆಗೆ ಓದಿದ್ದೇನೆ, ಓದಿದೆ. ಗೌರಿಗೆ ತನ್ನನ್ನೇ ಪೋಷಕನೆಂದು ನೇಮಿಸಬೇಕೆಂದು ಭಾವ ಅರ್ಜಿ ಹಾಕಿದ್ದರು. ತಾಯಿ ಕ್ಷಯರೋಗಿ. ಮಗುವನ್ನು ತನ್ನ ಕೈಯಾರೆ ಮಡಿಲಿಗೆ ಹಾಕಿ ಕೊಟ್ಟಿದ್ದಾಳೆ. ಮಡಿಲಕ್ಕಿ ಬೇಯಿಸಿ ಐದು ಮನೆಗೆ ಉಣಿಸಿ ಆಗಿದೆ ಎಂದಿತ್ತು.

ಅವತ್ತು ಕೆಮ್ಮಿನಲ್ಲಿ ಮತ್ತೆ ಕೆಂಪು ಬಂತು. ಅನ್ನಮ್ಮ ಬಯ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ಆ ವಾರವೇ ಅಣ್ಣನನ್ನು ಹೊರಡಿಸಿಕೊಂಡು ಚಾಮರಾಜನಗರದ ವಕೀಲರೊಬ್ಬರ ಮನೆಗೆ ಹೋದೆ.

ವಕೀಲರು ವಯಸ್ಸಾದವರು. ಕಿಟಕಿಯ ಪಕ್ಕ ಬೆಂಚು ಹಾಕಿಸಿದರು. ನಾನು ಎದ್ದೆದ್ದು ಓಡಾಡುತ್ತಿದ್ದೆ.

"ಕೂತ್ಕೊಳ್ಳಿ ತಾಯಿ, ನನಗೆ ತಲೆ ಸುತ್ತುತ್ತೆ," ಎಂದರು. "ನೋಡಿ, ಹೊಸ ಕಾಯ್ದೆ ಬಂದಿದೆ. ತಂದೆ ಇಲ್ಲದ ಮಗುವಿಗೆ ತಾಯಿಯೇ ಪೋಷಕಳು. ಅದರಲ್ಲಿ ಅನುಮಾನ ಇಲ್ಲ. ಆದರೆ ಮಗುವಿನ ಹಿತ ಎಲ್ಲಿದೆ ಅಂತ ಜಡ್ಜು ನೋಡ್ತಾರೆ. ನಿಮ್ಮ ಎದೆ ವಾಸಿಯಾಗಿದೆ ಅಂತ ಸರ್ಟಿಫಿಕೇಟು ತನ್ನಿ, ಅದನ್ನು ನಾನು ನೋಡ್ಕೋತೀನಿ. ನನಗೆ ಭಯ ಇರೋದು ಅಕ್ಕಿಯದ್ದು."

"ಅಕ್ಕೀದಾ?"

"ಮಡಿಲಿಗೆ ಹಾಕಿದ್ದು ನೀವೇ. ಅದು ಸಾಕೋಕೆ ಒಪ್ಪಿಸಿದ್ದು ಅಂತ ನಾವು ಹೇಳಬಹುದು. ಅಕ್ಕಿ ಬೇಯಿಸಿ ಉಣಿಸಿದ್ದರೆ, ನಿಮ್ಮ ಕುಲದ ಪದ್ಧತಿಯಂತೆ ಅದು ದತ್ತು ಅಂತ ಅವರು ಸಾಧಿಸ್ತಾರೆ. ದತ್ತು ಅಂತ ನಿಂತರೆ ಆಮೇಲೆ ವಾಪಸ್ಸು ಇಲ್ಲ. ಅರ್ಜಿಯಲ್ಲೇನೋ ಹಾಗೆ ಬರೆದಿದ್ದಾರೆ, ನಿಜವಾಗಿ ಬೇಯಿಸಿದರಾ?"

ನನಗೆ ಗೊತ್ತಿರಲಿಲ್ಲ. ನಾನು ಬಸ್ಸು ಹತ್ತಿದ್ದೆನಲ್ಲ. ಕೂತು ಒಂದು ದಿನ ಕಾಯುವ ಬುದ್ಧಿ ನನಗಿರಲಿಲ್ಲ.

ಅಲ್ಲಿಂದ ಮುಂದೆ ನಾನು ವಿಶ್ರಾಂತಿ ತೆಗೆದುಕೊಂಡೆ. ಹಟ ಹಿಡಿದು ಮಲಗಿದೆ. ವಾಸಿಯಾಗಬೇಕೆಂದಲ್ಲ, ಸರ್ಟಿಫಿಕೇಟು ಬೇಕೆಂದು. ಮೈ ಮಲಗಿತು, ಮನಸ್ಸು ಉಡಿಗಾಲದ ದಾರಿಯಲ್ಲೇ ಓಡಾಡಿಕೊಂಡಿತ್ತು. ಕೋರ್ಟಿನ ವಾಯಿದೆ ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು. ಕೊನೆಗೊಂದು ದಿನ ಅನ್ನಮ್ಮ ಚೀಟಿ ಹಿಡಿದು ಬಂದು, ಮೂರನೇ ಸಲವೂ ಕಫದಲ್ಲಿ ಏನೂ ಇಲ್ಲ ಎಂದಳು. ನಾನು ಕಂಬ ಹಿಡಿದುಕೊಂಡು ಅತ್ತೆ. ವಾಯಿದೆಗೆ ಎಂಟು ದಿನ ಉಳಿದಿತ್ತು.

ನಾಲ್ಕನೆಯ ದಿನ ಮದ್ದಿನ ಪುಡಿಗೆಂದು ಆಸ್ಪತ್ರೆಗೆ ಹೋದರೆ ನನ್ನ ಬೆಂಚಿನ ಮೇಲೆ ದುಂಡಮ್ಮಕ್ಕ ಕೂತಿದ್ದಳು. ತೊಡೆಯ ಮೇಲೆ ಗೌರಿ. ಮಗುವಿನ ಕುತ್ತಿಗೆ ಒಂದು ಕಡೆ ನಿಂಬೆಹಣ್ಣಿನಷ್ಟು ಊದಿ, ಚರ್ಮ ಕೆಂಪಾಗಿ ಮಿರುಗುತ್ತಿತ್ತು.

"ಚಾಮ್ರಾಜ್ನಗರದಾಸ್ಪತ್ರೆ ಅತ್ರ ಇತ್ತಲ್ಲಕ್ಕ, ಇಷ್ಟ್ ದೂರ ಬಂದ್ಯಾ?"

"ನೀನು ಇಲ್ಲಿದ್ದೀಯಲ್ಲ," ಎಂದಳು. ಅವಳ ತುಟಿ ಒಣಗಿತ್ತು.

ಡಾಕ್ಟರು ನೋಡಿದರು. ಅದು ನನ್ನ ಕಾಯಿಲೆಯೇ, ಮಗುವಿಗೆ ಕುತ್ತಿಗೆಯ ಗಂಟಿನಲ್ಲಿ ಕೂತಿದೆ, ಕೀವು ತುಂಬಿದೆ ಎಂದರು. ಕೊಯ್ದು ತೆಗೆಯಬೇಕು, ಆಮೇಲೆ ಇವಳಿಗೂ ಇಂಜೆಕ್ಷನ್. ವಾಸಿಯಾಗುತ್ತದೆ, ಆದರೆ ಮತ್ತಿನ ಮದ್ದು ಕೊಡುವಾಗ ಎಲ್ಲ ದೇವರ ಕೈಯಲ್ಲಿ ಎಂದೂ ಹೇಳಿದರು. ಮುತ್ತಿಡದೆ ದೂರ ನಿಂತದ್ದು, ಬೇಲಿಯಾಚೆಯಿಂದ ನೋಡಿದ್ದು ಎಲ್ಲ ನೀರುಪಾಲು. ನಾನು ಕೊಡುವುದನ್ನು ಆಗಲೇ ಕೊಟ್ಟು ಬಂದಿದ್ದೆ.

"ಒಪ್ಪಿಗೆಗೆ ರುಜು ಬೇಕು," ಎಂದರು ಡಾಕ್ಟರು ಕಾಗದ ಮುಂದಿಟ್ಟು. "ತಂದೆ ಇಲ್ಲ ಅಂದಿರಿ. ತಾಯಿ ಯಾರು?"

ದುಂಡಮ್ಮಕ್ಕ ಹೆಬ್ಬೆಟ್ಟು ಒತ್ತಿದರೆ ಆ ಕಾಗದ ಕೋರ್ಟಿನಲ್ಲಿ ನನ್ನ ವಿರುದ್ಧ ನಿಲ್ಲುತ್ತದೆ ಎಂಬುದು ನನ್ನ ತಲೆಗೆ ಬಾರದೆ ಇರಲಿಲ್ಲ. ನಾಚಿಕೆಯಾಗುತ್ತದೆ, ಆದರೆ ಬಂತು. ಆದರೂ ಕೈ ಮುಂದೆ ಹೋಗಲಿಲ್ಲ. ಇಷ್ಟು ದಿನ ನನ್ನ ಹಕ್ಕು, ನನ್ನ ಹಕ್ಕು ಎಂದು ಬಡಿದಾಡಿದವಳಿಗೆ ಆ ಹಕ್ಕಿನ ಭಾರ ಅವತ್ತು ಗೊತ್ತಾಯಿತು. ಮಗುವಿಗೆ ಏನಾದರೂ ಆದರೆ ರುಜು ಹಾಕಿದವಳು ನಾನೇ.

"ಇವ್ಳೇ ಸ್ವಾಮಿ ಎತ್ತವ್ಳು," ಎಂದಳು ದುಂಡಮ್ಮಕ್ಕ. "ಇವ್ಳ ಕೈಲಿ ಆಕ್ಸಿ."

ಹಾಕಿದೆ. ಮಹದೇವಮ್ಮ ಎಂದು ನನ್ನ ಪೂರ್ತಿ ಹೆಸರು ಬರೆಯುವಷ್ಟರಲ್ಲಿ ಎರಡು ಸಲ ಮಸಿ ಚೆಲ್ಲಿತು.

ಗೌರಿಯನ್ನು ಒಳಗೆ ಕರೆದೊಯ್ದರು. ನಾನು ಕಂಬದಿಂದ ಕಂಬಕ್ಕೆ ನಡೆಯತೊಡಗಿದೆ. ಮೂರು ಸುತ್ತಾಗುವಷ್ಟರಲ್ಲಿ ದುಂಡಮ್ಮಕ್ಕ ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿದಳು. ಆಮೇಲೆ ತನ್ನ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ತೊಡೆಯ ಮೇಲಿಟ್ಟಳು. ಬಿಚ್ಚಿದೆ. ಅಕ್ಕಿ. ಹಳದಿಯಾಗಿತ್ತು. ಹುಳ ಬಿದ್ದು ಕಾಳು ಕಾಳಿಗೆ ಅಂಟಿಕೊಂಡಿತ್ತು.

"ಇದೇನಕ್ಕ?"

"ನಿನ್ ಮಡ್ಲಕ್ಕಿ."

"ಬೇಯ್ಸಿ ಉಣ್ಸಿ ಆಯ್ತು ಅಂತ ಭಾವ ಅರ್ಜೀಲಿ ಬರ್ಸವ್ರೆ?"

"ಅವತ್ತು ಬೇಯ್ಸಿದ್ದು ಮನೆ ಅಕ್ಕಿ. ಅವರ್ಗೆ ಗೊತ್ತಿಲ್ಲ. ಇದ್ಕೂ ಎಸರಿಟ್ಟಿದ್ದೆ ಕಣೆ, ಕೈ ಬರ್ನಿಲ್ಲ. ನೀನು ಬಸ್ಸತ್ತುವಾಗ ತಿರ್ಗಿ ತಿರ್ಗಿ ನೋಡ್ದೆ. ಕೊಟ್ಬುಟ್ಟವ್ಳು ಅಂಗೆ ನೋಡಲ್ಲ."

"ಮತ್ತೆ ಇಷ್ಟ್ ದಿನ ಯಾಕಕ್ಕ ಬಾಯಿ ಬುಡ್ನಿಲ್ಲ?"

ಅವಳು ಒಳಗಿನ ಬಾಗಿಲನ್ನೇ ನೋಡುತ್ತಿದ್ದಳು. "ನೀನು ಸಾಯ್ತೀಯ ಅಂತ ಕಾಯ್ತಿದ್ದೆ. ಸತ್ರೆ ಬೇಯ್ಸನ ಅಂತ. ನಿನ್ಗೆ ವಾಸಿ ಆಗ್ಲಿ ಅಂತ ದಿನಾ ಮಾದಪ್ಪನ್ಗೂ ಕೈ ಮುಗೀತಿದ್ದೆ. ಎರಡೂ ಮಾಡ್ತಿದ್ದೆ."

ಬಯ್ಯಬೇಕೋ ಕಾಲು ಹಿಡಿಯಬೇಕೋ ತಿಳಿಯಲಿಲ್ಲ. ಅವಳ ಕೈ ಹಿಡಿದುಕೊಂಡೆ. ಅನ್ನಮ್ಮ ಬಂದು, "ಎಲ್ಲ ಆಯ್ತು, ಮಗು ಅಳ್ತಾ ಉಂಟು, ಒಳ್ಳೇದು," ಎನ್ನುವವರೆಗೆ ಹಾಗೆಯೇ ಕೂತಿದ್ದೆವು.

ಮಧ್ಯಾಹ್ನ ಭಾವ ಬಂದರು. ಹೆಂಡತಿ ಹೇಳದೆ ಕೇಳದೆ ಮಗುವನ್ನು ಎತ್ತಿಕೊಂಡು ಬಂದದ್ದಕ್ಕೆ ಮುಖ ಕೆಂಪಾಗಿತ್ತು. ದುಂಡಮ್ಮಕ್ಕ ಇದೇ ಆ ಮಡಿಲಕ್ಕಿ ಎಂದು ಗಂಟು ಬಿಚ್ಚಿ ತೋರಿಸಿದಳು. ಅವರು ಅಕ್ಕಿಯೊಳಗೆ ಬೆರಳಾಡಿಸಿದರು.

"ಐದು ಮನೆ ಯಜಮಾನ್ರ ಮುಂದೆ ನನ್ ಮಾತು ಸುಳ್ಳ್ ಮಾಡ್ಬುಟ್ಟೆಯಲ್ಲ," ಎಂದರು ಹೆಂಡತಿಗೆ. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದರು. "ಇದೂ ನನ್ ತಮ್ಮನಂಗೇ ಓಗ್ಬುಟ್ಟಾತು ಅಂತ ಎದ್ರಿದ್ದೆ ಕಣವ್ವ. ನಿನ್ನತ್ರ ಬುಟ್ರೆ ಓಗ್ಬುಡ್ತದೆ ಅಂತ. ನಮ್ಮನೇಲೇ ಇತ್ತಲ್ಲ, ಆದ್ರೂ ಬಂತಲ್ಲ." ಕಂಬಕ್ಕೆ ಒರಗಿ ಕೂತರು.

ವಾಯಿದೆಯ ದಿನ ಭಾವ ಅರ್ಜಿ ವಾಪಸ್ಸು ತೆಗೆದುಕೊಂಡರು. ಅಲ್ಲಿಂದ ನೇರವಾಗಿ ವಕೀಲರ ಮನೆಗೆ ಹೋದೆವು. ದುಂಡಮ್ಮಕ್ಕ ಬಾಗಿಲ ಬಳಿಯೇ ನಿಂತು ಕೇಳಿದಳು: "ಎತ್ತವ್ಳಿಗೆ ಕಾಯ್ದೆ ಅದೆ, ಸರಿ. ನಾಳೀಕೆ ಇವ್ಳಿಗೆ ತಿರ್ಗ ಬಂದ್ರೆ? ಎರಡು ವರ್ಷ ಹೇಲುಚ್ಚೆ ಬಾಚ್ದವ್ಳಿಗೆ ಯಾವ ಕಾಯ್ದೆನೂ ಇಲ್ವ ಸ್ವಾಮಿ?"

ವಕೀಲರು ಕನ್ನಡಕ ತೆಗೆದರು. "ಇಲ್ಲಮ್ಮ. ಆದರೆ ಈಕೆ ಒಂದು ಮಾಡಬಹುದು. ತನ್ನ ನಂತರ ಮಗುವಿಗೆ ಯಾರು ಪೋಷಕರಾಗಬೇಕು ಅಂತ ವಿಲ್ಲು ಬರೆದಿಡಬಹುದು. ಅದಕ್ಕೆ ಕಾಯ್ದೆಯಲ್ಲಿ ಜಾಗ ಇದೆ."

ಅಲ್ಲೇ ಬರೆಸಿದೆ. ಯಾರ ಬಲವಂತವೂ ಇರಲಿಲ್ಲ, ಆತುರವೂ ಇರಲಿಲ್ಲ. ದುಂಡಮ್ಮ, ಗಂಡ ಗುರುಮಲ್ಲಪ್ಪ, ವಾಸ ಉಡಿಗಾಲ ಎಂದು ಓದಿ ಹೇಳಿದಾಗ ಅವಳು, "ಇನ್ನೊಂದ್ ಸಲ ಓದು," ಎಂದಳು. ಓದಿದೆ.

ಈಗ ಗೌರಿ ಅಣ್ಣನ ಮನೆಯಲ್ಲಿ ನನ್ನ ಜೊತೆ ಇದ್ದಾಳೆ. ಇಂಜೆಕ್ಷನ್ ಮುಗಿಯುವವರೆಗೆ ದುಂಡಮ್ಮಕ್ಕನೂ ಬಂದು ಹೋಗಿ ಮಾಡಿದಳು. ಕುತ್ತಿಗೆಯ ಮೇಲೆ ಗಾಯದ ಗುರುತು ಉಳಿದಿದೆ. ಕೊನೆಯ ಇಂಜೆಕ್ಷನ್ ಆದ ದಿನ ನಾನು ಆ ಅಕ್ಕಿಯನ್ನು ಮೊರಕ್ಕೆ ಸುರಿದೆ. ಇಬ್ಬರೂ ಕೂತು ಹುಳ ಆರಿಸಿದೆವು, ಕೇರಿದೆವು, ಏಳು ನೀರಿನಲ್ಲಿ ತೊಳೆದೆವು. ಕೊಟ್ಟಿಗೆಯ ಒಲೆಯ ಮೇಲೆ ಬೆಲ್ಲ ಹಾಕಿ ಪಾಯಸ ಮಾಡಿದೆ. ಇನ್ನು ಅದು ಬೆಂದರೆ ಯಾರಿಗೂ ಭಯವಿರಲಿಲ್ಲ.

ಗೌರಿ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿ, "ಮುಗ್ಗಲು ವಾಸ್ನೆ, ನಂಗೆ ಬ್ಯಾಡ," ಎಂದು ಎದ್ದು ಆಡಲು ಓಡಿದಳು. ಅವಳ ಕಾಲಿಗೂ ಚಕ್ರ. ಕೊಟ್ಟಿಗೆಯಲ್ಲಿ ಇದ್ದದ್ದು ಒಂದೇ ತಟ್ಟೆ. ನಾನು ಒಳಮನೆಯಿಂದ ಇನ್ನೊಂದು ತರಲು ಏಳುತ್ತಿದ್ದಂತೆ ದುಂಡಮ್ಮಕ್ಕ ನನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳ ಹೆಬ್ಬೆರಳು ಆ ಗೀರಿನ ಮೇಲೆಯೇ ಇತ್ತು.

"ಎಲ್ಲಿಗೋಯ್ತೀಯ? ಕುಂತ್ಕೊ, ಇದ್ರಲ್ಲೇ ಉಣ್ಣನ," ಎಂದಳು.

ಕೂತೆ. ಕೊನೆಯ ಅಗುಳಿನವರೆಗೂ ಏಳಲಿಲ್ಲ.